ಓಡಿಹೋಗುವ ಕೌಬಾಯ್‌ಗಳು: ‘ಬುಚ್ ಕ್ಯಾಸಿಡಿ ಆ್ಯಂಡ್ ದ ಸನ್‌ಡ್ಯಾನ್ಸ್ ಕಿಡ್’ ಇಂದಿಗೂ ನಗಿಸುವುದೇಕೆ?

2025ರ ಸೆಪ್ಟೆಂಬರ್ 16ರಂದು ಹಾಲಿವುಡ್ ನಟ ರಾಬರ್ಟ್ ರೆಡ್‌ಫರ್ಡ್ ತೀರಿಕೊಂಡರು. ಅವರಿಗೆ 89 ವರ್ಷವಾಗಿತ್ತು. ಅವರ ಬಗ್ಗೆ ಬಂದ ಸುದ್ದಿಗಳಲ್ಲಿ ಒಂದು ಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿತ್ತು: ಸನ್‌ಡ್ಯಾನ್ಸ್. ಕೊನೆಯುಸಿರೆಳೆದ ಜಾಗ ಯೂಟಾ ರಾಜ್ಯದ ಸನ್‌ಡ್ಯಾನ್ಸ್. ಹೊಸ ಚಿತ್ರಕರ್ಮಿಗಳಿಗಾಗಿ 1981ರಲ್ಲಿ ಕಟ್ಟಿದ ಸಂಸ್ಥೆ ಸನ್‌ಡ್ಯಾನ್ಸ್. ಆ ಸಂಸ್ಥೆ ನಡೆಸುವ ಚಿತ್ರೋತ್ಸವದ ಹೆಸರೂ ಅದೇ. ಇಷ್ಟಕ್ಕೆಲ್ಲ ಮೂಲಪುರುಷ ಒಬ್ಬ ಕುದುರೆಗಳ್ಳ. 1969ರಲ್ಲಿ ರೆಡ್‌ಫರ್ಡ್ ತೆರೆಯ ಮೇಲೆ ಆ ಕಳ್ಳನ ವೇಷ ಹಾಕಿದ್ದರು. ಚಿತ್ರದ ಹೆಸರು ‘ಬುಚ್ ಕ್ಯಾಸಿಡಿ ಆ್ಯಂಡ್ ದ ಸನ್‌ಡ್ಯಾನ್ಸ್ ಕಿಡ್’.

ಆ ಸಿನಿಮಾವನ್ನು ಈಗ ಮೊದಲ ಸಲ ನೋಡಲು ಕೂತವರಿಗೆ ಕೆಲವು ಪ್ರಶ್ನೆಗಳು ಏಳುವುದು ಸಹಜ. ಕೌಬಾಯ್ ಚಿತ್ರ ಅಂತೀರಿ, ಹಾಗಾದರೆ ನಾಯಕರು ಎದುರು ನಿಂತು ಹೊಡೆದಾಡುವುದು ಬಿಟ್ಟು ಓಡುತ್ತಲೇ ಇರುವುದೇಕೆ? ನಡುವೆ ಸೈಕಲ್ ಎಲ್ಲಿಂದ ಬಂತು? ಕಥೆ ಸಾವಿನಲ್ಲಿ ಮುಗಿದರೂ ನೋಡಿ ಎದ್ದವರ ಮುಖದಲ್ಲಿ ನಗು ಉಳಿಯುವುದು ಹೇಗೆ? ಒಂದೊಂದಾಗಿ ನೋಡೋಣ. ಕಥೆಯ ಕೊನೆಯ ದೃಶ್ಯದವರೆಗೂ ಮಾತು ಹೋಗುತ್ತದೆ. ಸಿನಿಮಾ ನೋಡಿದ ಮೇಲೇ ಓದುತ್ತೇನೆ ಅನ್ನುವವರು ಇಲ್ಲಿಗೆ ನಿಲ್ಲಿಸಬಹುದು.

## ವೆಸ್ಟರ್ನ್ ಅಂದರೆ ಏನು?

ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಆಮೇಲೆ ಜನ ಪಶ್ಚಿಮದ ಕಡೆ ಗುಳೆ ಹೊರಟರು. ಜಮೀನು, ಚಿನ್ನ, ದನಗಳ ವ್ಯಾಪಾರ, ಹೊಸ ರೈಲು ಹಾದಿ ಅವರನ್ನು ಸೆಳೆದವು. ಆ ನೆಲದಲ್ಲಿ ಮೊದಲಿನಿಂದ ಬಾಳುತ್ತಿದ್ದ ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸಲಾಯಿತು. ಊರುಗಳು ಹುಟ್ಟಿದ ವೇಗದಲ್ಲಿ ಪೊಲೀಸು, ಕೋರ್ಟು ಹುಟ್ಟಲಿಲ್ಲ. ಕಾನೂನು ಇನ್ನೂ ಕಾಲೂರದ ಈ 25–30 ವರ್ಷಗಳನ್ನು ಹಿನ್ನೆಲೆಯಾಗಿಟ್ಟುಕೊಂಡ ಕಥೆಗಳಿಗೆ ‘ವೆಸ್ಟರ್ನ್’ ಎಂದು ಹೆಸರು. ಕೌಬಾಯ್ ಅಂದರೆ ನಿಜಕ್ಕೂ ಕೂಲಿಗೆ ದನ ಮೇಯಿಸುವವನು. ಸಿನಿಮಾ ಅವನ ಕೈಗೆ ಪಿಸ್ತೂಲು ಕೊಟ್ಟು ವೀರನನ್ನಾಗಿ ಮಾಡಿತು.

ಈ ಚಿತ್ರಗಳಲ್ಲಿ ಬರುವ ಎರಡು ಪದ ಗೊತ್ತಿದ್ದರೆ ಸಾಕು. ಶೆರಿಫ್ ಎಂದರೆ ಆ ಪ್ರದೇಶದ ಕಾನೂನು ಕಾಯುವವನು, ಹೆಚ್ಚಾಗಿ ಜನರೇ ಆರಿಸಿದವನು. ಕಳ್ಳರು ಓಡಿಹೋದಾಗ ಶೆರಿಫ್ ಊರಿನ ಗಂಡಸರನ್ನು ಕಲೆಹಾಕಿ ಬೆನ್ನಟ್ಟುತ್ತಾನಲ್ಲ, ಆ ಗುಂಪಿಗೆ ‘ಪೊಸಿ’ ಎನ್ನುತ್ತಾರೆ. ಕಳ್ಳ ಬಂದನೆಂದು ಕೂಗು ಎದ್ದಾಗ ಊರವರು ದೊಣ್ಣೆ, ಲಾಟೀನು ಹಿಡಿದು ಹೊರಡುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ.

ವೆಸ್ಟರ್ನ್ ನೋಡುವವರಿಗೆ ಅದರ ಕಟ್ಟುಪಾಡು ಬಾಯಿಪಾಠ. ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದಿನಿಂದ ಅಬ್ಬರಿಸಿದ ಕೂಡಲೇ ರಕ್ಕಸ ಬಂದನೆಂದು ಮಗುವಿಗೂ ಗೊತ್ತಾಗುತ್ತದೆ. ಹಾಗೆಯೇ ಬಿಳಿ ಟೋಪಿಯವನು ಒಳ್ಳೆಯವನು, ಕರಿ ಟೋಪಿಯವನು ಕೆಟ್ಟವನು ಎಂಬುದು ಹಳೆಯ ವೆಸ್ಟರ್ನ್‌ಗಳ ರೂಢಿ. ನಾಯಕ ಮಾತು ಕಡಿಮೆ ಆಡುತ್ತಾನೆ, ಹೆದರುವುದಿಲ್ಲ, ಕೊನೆಗೆ ನಡುಬೀದಿಯಲ್ಲಿ ಎದುರಾಳಿಯ ಮುಂದೆ ನಿಲ್ಲುತ್ತಾನೆ. ನಮ್ಮ ಚಿತ್ರದ ತಮಾಷೆಯೆಲ್ಲ ಈ ಕಟ್ಟುಪಾಡನ್ನು ಒಂದೊಂದಾಗಿ ತಿರುವಿಹಾಕುವುದರಲ್ಲಿದೆ. ಇಲ್ಲಿ ನಾಯಕರಿಬ್ಬರೂ ಕಳ್ಳರು. ಬಿಳಿ ಟೋಪಿ ಅವರನ್ನು ಬೆನ್ನಟ್ಟುವವನ ತಲೆಯ ಮೇಲಿದೆ.

## ಈ ಕಳ್ಳರು ನಿಜವಾಗಿ ಇದ್ದರೇ?

ಇದ್ದರು. ‘ಮುಂದೆ ಬರುವುದರಲ್ಲಿ ಬಹುಪಾಲು ನಿಜ’ ಎಂಬ ಸಾಲಿನೊಂದಿಗೇ ಸಿನಿಮಾ ಶುರುವಾಗುತ್ತದೆ.

ಬುಚ್ ಕ್ಯಾಸಿಡಿಯ ಹುಟ್ಟುಹೆಸರು ರಾಬರ್ಟ್ ಲೆರಾಯ್ ಪಾರ್ಕರ್. 1866ರಲ್ಲಿ ಯೂಟಾದ ಬೀವರ್ ಎಂಬಲ್ಲಿ, ಮಾರ್ಮನ್ ಪಂಥದ ಕುಟುಂಬದಲ್ಲಿ ಹುಟ್ಟಿದವನು. ಕ್ಯಾಸಿಡಿ ಎಂಬುದು ಹುಡುಗನಾಗಿದ್ದಾಗ ತನ್ನನ್ನು ಪಳಗಿಸಿದ ಮೈಕ್ ಕ್ಯಾಸಿಡಿ ಎಂಬ ದನಗಳ್ಳನಿಂದ ಎರವಲು ಪಡೆದ ಹೆಸರು. ಕೆಲಕಾಲ ಮಾಂಸದಂಗಡಿಯಲ್ಲಿ ದುಡಿದಿದ್ದರಿಂದ ‘ಬುಚರ್’ ಸವೆದು ‘ಬುಚ್’ ಆಯಿತು. ಇನ್ನೊಬ್ಬ ಹ್ಯಾರಿ ಲಾಂಗಬಾ, ಪೆನ್ಸಿಲ್ವೇನಿಯಾದವನು. ಕುದುರೆ ಕದ್ದ ತಪ್ಪಿಗೆ ವಯೋಮಿಂಗ್‌ನ ಸನ್‌ಡ್ಯಾನ್ಸ್ ಎಂಬ ಪುಟ್ಟ ಊರಿನ ಜೈಲಿನಲ್ಲಿದ್ದು ಬಂದ. ಆ ಊರೇ ಅವನ ಅಡ್ಡಹೆಸರಾಯಿತು. ಮುಂದೆ ರೆಡ್‌ಫರ್ಡ್ ತಾವು ಕೊಂಡ ಬೆಟ್ಟದ ಜಮೀನಿಗೆ ಇಟ್ಟದ್ದೂ ಅದನ್ನೇ.

ಇವರ ತಂಡಕ್ಕೆ ‘ವೈಲ್ಡ್ ಬಂಚ್’ ಎಂಬ ಹೆಸರಿತ್ತು. ಸಿನಿಮಾದಲ್ಲಿ ಮಾತ್ರ ‘ಹೋಲ್ ಇನ್ ದ ವಾಲ್ ಗ್ಯಾಂಗ್’ ಎನ್ನುತ್ತಾರೆ. ಅದೇ 1969ರಲ್ಲಿ ‘ದ ವೈಲ್ಡ್ ಬಂಚ್’ ಹೆಸರಿನ ಬೇರೊಂದು ವೆಸ್ಟರ್ನ್ ಬಂದಿದ್ದರಿಂದ ಗೊಂದಲ ಬೇಡವೆಂದು ಹಾಗೆ ಮಾಡಿದರು.

## ರೈಲನ್ನೇ ಏಕೆ ದೋಚುತ್ತಿದ್ದರು?

ಇದು ಅರ್ಥವಾದರೆ ಕಥೆಯ ಅರ್ಧ ಅರ್ಥವಾದಂತೆ. ಆಗ ಹಣ ಒಂದೂರಿನಿಂದ ಇನ್ನೊಂದೂರಿಗೆ ಹೆಚ್ಚಾಗಿ ನೋಟು, ನಾಣ್ಯಗಳಾಗಿಯೇ ಹೋಗುತ್ತಿತ್ತು. ಗಣಿ ಕೆಲಸಗಾರರ ಸಂಬಳ, ಬ್ಯಾಂಕಿನ ಹಣ ಎಲ್ಲವೂ ‘ಎಕ್ಸ್‌ಪ್ರೆಸ್ ಬೋಗಿ’ಯ ಕಬ್ಬಿಣದ ತಿಜೋರಿಯಲ್ಲಿ, ಒಬ್ಬ ಗುಮಾಸ್ತನ ಕಾವಲಿನಲ್ಲಿ ಪಯಣಿಸುತ್ತಿತ್ತು. ರೈಲು ಮೈಲಿಗಟ್ಟಲೆ ಜನವಸತಿಯಿಲ್ಲದ ಬಯಲಿನಲ್ಲಿ ಹಾಯುತ್ತಿತ್ತು. ಹಣ ಎಲ್ಲಿ, ಯಾವಾಗ ಬರುತ್ತದೆ ಎಂಬುದು ವೇಳಾಪಟ್ಟಿಯಲ್ಲೇ ಅಚ್ಚಾಗಿತ್ತು.

1899ರ ಜೂನ್ 2ರಂದು ವಯೋಮಿಂಗ್‌ನ ವಿಲ್‌ಕಾಕ್ಸ್ ಬಳಿ ಯೂನಿಯನ್ ಪೆಸಿಫಿಕ್ ರೈಲನ್ನು ಈ ತಂಡ ತಡೆಯಿತು. ಬೋಗಿಯ ಒಳಗಿದ್ದ ಗುಮಾಸ್ತ ವುಡ್‌ಕಾಕ್ ಬಾಗಿಲು ತೆಗೆಯಲಿಲ್ಲ. ಡೈನಮೈಟ್ ಇಟ್ಟರು, ಬೋಗಿಯೇ ಛಿದ್ರವಾಯಿತು. ಮರುವರ್ಷ ಟಿಪ್ಟನ್ ಬಳಿ ಇನ್ನೊಂದು ರೈಲು ತಡೆದರೆ ಒಳಗೆ ಅದೇ ವುಡ್‌ಕಾಕ್! ಕಥೆಗಾರ ಹೊಸೆದದ್ದೆಂದು ಅನ್ನಿಸುವ ಈ ಕಾಕತಾಳೀಯ ನಿಜವಾಗಿ ನಡೆದದ್ದು.

ಸಿನಿಮಾದಲ್ಲಿ ಇದು ಎಂಥ ದೃಶ್ಯವಾಗಿದೆ ನೋಡಿ. ಎರಡನೇ ಸಲ ಸಿಕ್ಕಿದ ವುಡ್‌ಕಾಕ್‌ನನ್ನು ಬುಚ್ ಹಳೇ ಗೆಳೆಯನಂತೆ ಮಾತಾಡಿಸುತ್ತಾನೆ. ಈ ಸಲ ತಿಜೋರಿ ಇನ್ನೂ ದೊಡ್ಡದು, ಹಾಗಾಗಿ ಡೈನಮೈಟೂ ಜಾಸ್ತಿ. ಢಮಾರ್ ಎಂದಾಗ ಬೋಗಿ ಕಡ್ಡಿಪೆಟ್ಟಿಗೆಯಂತೆ ಹಾರಿಹೋಗುತ್ತದೆ, ನೋಟುಗಳು ಆಕಾಶದಿಂದ ಉದುರುತ್ತವೆ. ನೆಲಕ್ಕೆ ಬಿದ್ದಿದ್ದ ಸನ್‌ಡ್ಯಾನ್ಸ್ ತಲೆಯೆತ್ತಿ, ‘ಸಾಕಾಯ್ತಾ ಮದ್ದು?’ ಎಂಬರ್ಥದಲ್ಲಿ ಕೇಳುತ್ತಾನೆ. ತಂಡದವರು ನೋಟು ಆಯಲು ಓಡುತ್ತಾರೆ. ನಾವಿನ್ನೂ ನಗುತ್ತಿರುವಾಗಲೇ ದೂರದಲ್ಲಿ ಇನ್ನೊಂದು ರೈಲು ಬಂದು ನಿಲ್ಲುತ್ತದೆ. ಅದರ ಒಂದು ಬೋಗಿಯ ಬಾಗಿಲು ತೆರೆದುಕೊಳ್ಳುತ್ತದೆ. ಒಳಗಿನಿಂದ ಕುದುರೆಗಳು ಸವಾರರ ಸಮೇತ ನೆಗೆಯುತ್ತವೆ.

ಅಲ್ಲಿಂದ ಸಿನಿಮಾದ ಹದವೇ ಬದಲಾಗುತ್ತದೆ.

## ‘ಜಾನ್ ವೇಯ್ನ್ ಓಡಿಹೋಗುವುದಿಲ್ಲ’

ಚಿತ್ರಕಥೆ ಬರೆದವರು ವಿಲಿಯಂ ಗೋಲ್ಡ್‌ಮನ್. ಕಾದಂಬರಿಕಾರರಾದ ಅವರು ಈ ಇಬ್ಬರು ಕಳ್ಳರ ಬಗ್ಗೆ ಸಿಕ್ಕಿದ್ದನ್ನೆಲ್ಲ ಸುಮಾರು 8 ವರ್ಷ ಓದುತ್ತಾ ಕೂಡಿಸಿಟ್ಟಿದ್ದರು. ಅವರನ್ನು ಹಿಡಿದಿಟ್ಟದ್ದು ಒಂದು ಸಂಗತಿ: ರೈಲ್ವೆ ಕಂಪನಿ ಬೆನ್ನು ಹತ್ತಿದಾಗ ಇವರು ಹೊಡೆದಾಡಲಿಲ್ಲ, ದೇಶವನ್ನೇ ಬಿಟ್ಟು ದಕ್ಷಿಣ ಅಮೆರಿಕಕ್ಕೆ ಹೋದರು. ಆದರೆ ಒಂದು ಸ್ಟುಡಿಯೋದ ಹಿರಿಯ ಅಧಿಕಾರಿಗೆ ಅದೇ ಹಿಡಿಸಲಿಲ್ಲ. ನಿಜದಲ್ಲಿ ಅವರು ಹೋದದ್ದೇ ಹಾಗೆ ಎಂದು ಗೋಲ್ಡ್‌ಮನ್ ವಾದಿಸಿದರೂ, ‘ಜಾನ್ ವೇಯ್ನ್ ಓಡಿಹೋಗುವುದಿಲ್ಲ’ ಎಂಬ ಉತ್ತರ ಬಂತು. ನಟ ಜಾನ್ ವೇಯ್ನ್ ಎಂದರೆ ವೆಸ್ಟರ್ನ್ ನಾಯಕತ್ವದ ಅಳತೆಗೋಲು. ನಾಯಕ ಬೆನ್ನು ತೋರಿಸಿದರೆ ಅವನೆಂಥ ನಾಯಕ ಎಂಬುದು ಆ ಅಧಿಕಾರಿಯ ಪ್ರಶ್ನೆ.

ಕೊನೆಗೆ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ ಆ ಚಿತ್ರಕಥೆಯನ್ನು 4 ಲಕ್ಷ ಡಾಲರ್‌ಗೆ ಕೊಂಡಿತು. ಅಲ್ಲಿಯವರೆಗೆ ಯಾವ ಚಿತ್ರಕಥೆಗೂ ಅಷ್ಟು ಬೆಲೆ ಬಂದಿರಲಿಲ್ಲ. ಓಟ ಹಾಗೇ ಉಳಿಯಿತು. ನನ್ನ ಮಟ್ಟಿಗೆ ಸಿನಿಮಾದ ಜೀವ ಇರುವುದು ಆ ಓಟದಲ್ಲೇ.

ಸುಮಾರು ಅರ್ಧ ಗಂಟೆ ಅವರು ಓಡುತ್ತಾರೆ. ಒಂದೇ ಕುದುರೆಯ ಮೇಲೆ ಇಬ್ಬರೂ ಕೂತು ಇನ್ನೊಂದನ್ನು ಬೇರೆ ದಿಕ್ಕಿಗೆ ಅಟ್ಟುತ್ತಾರೆ. ಹೆಜ್ಜೆ ಮೂಡದ ಕಲ್ಲುಬಂಡೆಯ ಮೇಲೆ ಸಾಗುತ್ತಾರೆ. ರಾತ್ರಿ ಗುಡ್ಡದಿಂದ ತಿರುಗಿ ನೋಡಿದರೆ ಕೆಳಗಿನ ಕತ್ತಲಲ್ಲಿ ದೀಪದ ಚುಕ್ಕಿಗಳ ಸಾಲು, ಇವರು ಬಂದ ದಾರಿಯಲ್ಲೇ, ಒಂದೇ ವೇಗದಲ್ಲಿ ಬರುತ್ತಿರುತ್ತದೆ. ‘ಯಾರಿವರು?’ ಎಂದು ಒಬ್ಬರನ್ನೊಬ್ಬರು ಮತ್ತೆ ಮತ್ತೆ ಕೇಳಿಕೊಳ್ಳುತ್ತಾರೆ. ನಿರ್ದೇಶಕ ಜಾರ್ಜ್ ರಾಯ್ ಹಿಲ್ ಆ ಬೆನ್ನಟ್ಟುವವರ ಮುಖವನ್ನು ನಮಗೆ ಒಮ್ಮೆಯೂ ಹತ್ತಿರದಿಂದ ತೋರಿಸುವುದಿಲ್ಲ. ಧೂಳು, ಚುಕ್ಕಿ, ಒಂದು ಬಿಳಿ ಟೋಪಿ, ಅಷ್ಟೇ. ಮುಖವಿದ್ದರೆ ಅವನು ಖಳನಾಯಕ, ಹೊಡೆದು ಗೆಲ್ಲಬಹುದು. ಮುಖವೇ ಇಲ್ಲದಿದ್ದರೆ? ಹಣವಿರುವ ದೊಡ್ಡ ಕಂಪನಿ, ತಂತಿ, ರೈಲು, ಪತ್ತೇದಾರರು ಎಲ್ಲ ಸೇರಿ ಕಾಲವೇ ಬೆನ್ನಟ್ಟಿದಂತೆ ಅದು. ಪರಿಚಯದ ಮುದಿ ಶೆರಿಫ್ ಒಬ್ಬ ಇದನ್ನು ಬಾಯಿಬಿಟ್ಟೇ ಹೇಳುತ್ತಾನೆ: ನಿಮ್ಮ ಕಾಲ ಮುಗಿಯಿತು, ಸಾಯುವುದಂತೂ ಖಂಡಿತ, ಎಲ್ಲಿ ಎಂಬುದನ್ನಷ್ಟೇ ನೀವು ಆರಿಸಿಕೊಳ್ಳಬಹುದು.

ಓಟ ಒಂದು ಕಡಿದಾದ ಬಂಡೆಯಂಚಿನಲ್ಲಿ ನಿಲ್ಲುತ್ತದೆ. ಕೆಳಗೆ ಹೊಳೆ. ಹಾರೋಣ ಎನ್ನುತ್ತಾನೆ ಬುಚ್. ಸನ್‌ಡ್ಯಾನ್ಸ್ ಸುತರಾಂ ಒಪ್ಪುವುದಿಲ್ಲ, ನಿಂತು ಹೊಡೆದಾಡುತ್ತೇನೆ ಎನ್ನುತ್ತಾನೆ. ಯಾಕೋ ಎಂದು ಪೀಡಿಸಿದಾಗ ಕೊನೆಗೆ ಅರಚುತ್ತಾನೆ, ‘ನಂಗೆ ಈಜು ಬರಲ್ಲ!’ ಬುಚ್ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ‘ಹುಚ್ಚಪ್ಪಾ, ಬೀಳೋ ರಭಸಕ್ಕೇ ಸತ್ತುಹೋಗ್ತೀವಲ್ಲೋ!’ ಇಬ್ಬರೂ ಕೂಗುತ್ತಾ ಹಾರುತ್ತಾರೆ. ಹಳೆಯ ವೆಸ್ಟರ್ನ್ ಆಗಿದ್ದರೆ ಇಲ್ಲಿ ಗುಂಡಿನ ಕಾಳಗ ನಡೆಯಬೇಕಿತ್ತು. ಅದರ ಬದಲು ಸಿಗುವುದು ಒಬ್ಬ ಬಂದೂಕು ನಿಪುಣನ ನಾಚಿಕೆ, ಅವನ ಗೆಳೆಯನ ನಗು.

## ಪ್ರೇಮಕಥೆ ಯಾರದು?

ಮೂರನೆಯ ಪಾತ್ರ ಎಟ್ಟಾ ಪ್ಲೇಸ್, ಸಿನಿಮಾದಲ್ಲಿ ಶಾಲಾ ಶಿಕ್ಷಕಿ. ಕ್ಯಾಥರೀನ್ ರಾಸ್ ಆ ಪಾತ್ರ ಮಾಡಿದರು. ಎಟ್ಟಾ ಸನ್‌ಡ್ಯಾನ್ಸ್‌ನ ಪ್ರೇಯಸಿ. ಆದರೆ ಸಿನಿಮಾದ ಅತ್ಯಂತ ಪ್ರಣಯಭರಿತ ದೃಶ್ಯ ಅವಳಿಗೂ ಬುಚ್‌ಗೂ ಇಟ್ಟದ್ದು.

ಅದರ ಹಿಂದಿನ ದೃಶ್ಯ ನೆನಪಿರಲಿ. ಊರಿನಲ್ಲಿ ಅಧಿಕಾರಿಯೊಬ್ಬ ಕಳ್ಳರನ್ನು ಹಿಡಿಯಲು ಬನ್ನಿ ಎಂದು ಜನರನ್ನು ಕರೆಯುತ್ತಿದ್ದಾನೆ, ಒಬ್ಬನೂ ಮುಂದೆ ಬರುವುದಿಲ್ಲ. ಅದೇ ಕಳ್ಳರು ಎದುರಿನ ಮಾಳಿಗೆಯಲ್ಲಿ ಬೀರು ಹಿಡಿದು ಆರಾಮವಾಗಿ ನೋಡುತ್ತಿದ್ದಾರೆ. ಅಷ್ಟರಲ್ಲಿ ಒಬ್ಬ ವ್ಯಾಪಾರಿ ನುಗ್ಗಿ, ಹೇಗೂ ಜನ ಸೇರಿದ್ದಾರಲ್ಲ ಎಂದು ಸೈಕಲ್ ಮಾರಲು ಶುರು ಮಾಡುತ್ತಾನೆ. ಕುದುರೆಯ ಕಾಲ ಮುಗಿಯಿತು, ಮುಂದಿನದು ಇದರದೇ ಎನ್ನುತ್ತಾನೆ.

ಮರುದಿನ ಬೆಳಿಗ್ಗೆ ಬುಚ್ ಆ ಸೈಕಲ್ ತುಳಿಯುತ್ತಾ ಎಟ್ಟಾಳ ಮನೆಗೆ ಬರುತ್ತಾನೆ. ಅವಳನ್ನು ಮುಂದೆ ಕೂರಿಸಿಕೊಂಡು ತೋಟ, ಬೇಲಿ, ಕೊಟ್ಟಿಗೆಗಳ ನಡುವೆ ಸುತ್ತುತ್ತಾನೆ. ಸೀಟಿನ ಮೇಲೆ ಹೊಟ್ಟೆಯೂರಿ ಮಲಗುತ್ತಾನೆ, ಹಿಂದುಮುಂದಾಗಿ ಕೂರುತ್ತಾನೆ, ಕೊನೆಗೆ ಗೂಳಿಯೊಂದು ಅಟ್ಟಿಸಿಕೊಂಡು ಬರುತ್ತದೆ. ಈ ಕಸರತ್ತಿನ ಬಹುಪಾಲನ್ನು ಬುಚ್ ಪಾತ್ರದ ನಟ ಪಾಲ್ ನ್ಯೂಮನ್ ತಾವೇ ಮಾಡಿದರು. ಚಿತ್ರೀಕರಣ ನಡೆದದ್ದು ಯೂಟಾದ ಗ್ರ್ಯಾಫ್ಟನ್ ಎಂಬ ಪಾಳುಬಿದ್ದ ಊರಿನಲ್ಲಿ. ಹಿನ್ನೆಲೆಯಲ್ಲಿ ಬರ್ಟ್ ಬ್ಯಾಕರ‍್ಯಾಕ್ ಸಂಗೀತದ, ಹ್ಯಾಲ್ ಡೇವಿಡ್ ಸಾಹಿತ್ಯದ ‘ರೇನ್‌ಡ್ರಾಪ್ಸ್ ಕೀಪ್ ಫಾಲಿನ್ ಆನ್ ಮೈ ಹೆಡ್’ ಹಾಡು, ಬಿ. ಜೆ. ಥಾಮಸ್ ಕಂಠದಲ್ಲಿ. ತೆರೆಯ ಮೇಲೆ ಒಂದು ಹನಿಯೂ ಬೀಳುವುದಿಲ್ಲ, ಸುಡು ಬಿಸಿಲು. ಕುದುರೆ ಸವಾರರ ಕಥೆಯಲ್ಲಿ 1960ರ ದಶಕದ ಪಾಪ್ ಹಾಡೇ ಎಂದು ಸ್ವತಃ ರೆಡ್‌ಫರ್ಡ್‌ಗೂ ಆಗ ಅನ್ನಿಸಿತ್ತು. ಹಾಡು ಆಸ್ಕರ್ ಗೆದ್ದಿತು.

ನಮಗೆ ಸಿನಿಮಾದಲ್ಲಿ ಹಾಡು ಬರುವುದು ಊಟಕ್ಕೆ ಉಪ್ಪಿದ್ದಷ್ಟು ಸಹಜ. ವೆಸ್ಟರ್ನ್ ನೋಡುಗರಿಗೆ ಇದು ಹೊಸದು: ಕಥೆ ಮುಂದೆ ಹೋಗುವುದನ್ನು ನಿಲ್ಲಿಸಿ, ಮೂವರೂ ಸುಖವಾಗಿದ್ದ ಒಂದು ಬೆಳಗನ್ನು ಹಾಗೇ ಎತ್ತಿಟ್ಟಂತೆ. ಆಮೇಲೆ ಎಟ್ಟಾ ಕೇಳುತ್ತಾಳೆ, ನೀನೇ ನನಗೆ ಮೊದಲು ಸಿಕ್ಕಿದ್ದರೆ ನಾವಿಬ್ಬರು ಜೋಡಿಯಾಗುತ್ತಿದ್ದೆವೇ ಎಂದು. ಬುಚ್ ತಮಾಷೆಯ ಉತ್ತರ ಕೊಟ್ಟು ಜಾರಿಕೊಳ್ಳುತ್ತಾನೆ. ದೇಶ ಬಿಡುವ ದಿನ ಅವನು ಆ ಸೈಕಲ್ಲನ್ನು ಬೈದು ಎಸೆಯುತ್ತಾನೆ. ಭವಿಷ್ಯವೆಲ್ಲ ನಿನ್ನದೇ, ಇಟ್ಟುಕೋ ಎನ್ನುತ್ತಾನೆ. ಉರುಳಿಬಿದ್ದ ಚಕ್ರ ಒಂದಷ್ಟು ಹೊತ್ತು ತಿರುಗುತ್ತಲೇ ಇರುತ್ತದೆ.

ಎಟ್ಟಾಳೂ ಜೊತೆಗೆ ಹೊರಡುತ್ತಾಳೆ. ನಿಮ್ಮ ಕಾಲುಚೀಲ ಹೊಲಿಯುತ್ತೇನೆ, ಗಾಯವಾದರೆ ಗಾಯವನ್ನೂ ಹೊಲಿಯುತ್ತೇನೆ, ಆದರೆ ನೀವು ಸಾಯುವುದನ್ನು ನೋಡುತ್ತಾ ಕೂರುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತಾಳೆ. ದಕ್ಷಿಣ ಅಮೆರಿಕದಲ್ಲಿ ಅವರು ಸೇರಿಕೊಂಡ ಬೊಲಿವಿಯಾದಲ್ಲಿ ಒಂದು ರಾತ್ರಿ, ಬೆಂಕಿಯ ಪಕ್ಕ, ‘ನಾನು ಮುಂಚೆ ಊರಿಗೆ ಹೋಗ್ತೀನೇನೋ’ ಎಂದಷ್ಟೇ ಅನ್ನುತ್ತಾಳೆ. ಗಂಡಸರಿಬ್ಬರೂ ಸುಮ್ಮನಾಗುತ್ತಾರೆ. ಅವಳ ಹಳೆಯ ಮಾತು ನೆನಪಿದ್ದವರಿಗೆ ಆ ಮೌನ ಏನು ಹೇಳುತ್ತದೆಂದು ಗೊತ್ತು. ಇತಿಹಾಸದ ಎಟ್ಟಾ ಕೂಡ ಹೀಗೆಯೇ ದಾಖಲೆಗಳಿಂದ ಮಾಯವಾದಳು. ಅವಳ ನಿಜವಾದ ಹೆಸರೇನು ಎಂಬುದೂ ಇತಿಹಾಸಕಾರರಿಗೆ ಸಿಕ್ಕಿಲ್ಲ.

## ಬಣ್ಣ ಮಾಸಿದಂತೆ ಕಾಣುವುದೇಕೆ?

ಹಳೆಯ ಫೋಟೊಗಳ ಕಂದು ಬಣ್ಣಕ್ಕೆ ‘ಸೆಪಿಯಾ’ ಎನ್ನುತ್ತಾರೆ. ಸಿನಿಮಾದ ಮೊದಲ ಕೆಲವು ನಿಮಿಷ ಈ ಬಣ್ಣದಲ್ಲೇ ಇದ್ದು, ಇಬ್ಬರೂ ಕುದುರೆ ಏರಿ ಹೊರಟಾಗ ನಿಧಾನವಾಗಿ ಬೇರೆ ಬಣ್ಣಗಳು ಮೂಡುತ್ತವೆ. ಅಜ್ಜನ ಮನೆಯ ಗೋಡೆಯ ಚಿತ್ರವೊಂದು ಕಣ್ಣೆದುರೇ ಉಸಿರಾಡತೊಡಗಿದಂತೆ. ಛಾಯಾಗ್ರಾಹಕ ಕಾನ್ರಾಡ್ ಹಾಲ್ ಮುಂದೆಯೂ ಬೇಕೆಂದೇ ಹೆಚ್ಚು ಬೆಳಕು ಬಿಟ್ಟು ಬಣ್ಣಗಳನ್ನು ಒಗೆದು ಒಣಗಿಸಿದ ಬಟ್ಟೆಯ ಹಾಗೆ ತಿಳಿ ಮಾಡಿದರು.

ದಕ್ಷಿಣ ಅಮೆರಿಕಕ್ಕೆ ಹೋಗುವ ಹಾದಿಯಲ್ಲಿ ಮೂವರೂ ತಂಗುವ ನ್ಯೂಯಾರ್ಕ್ ದೃಶ್ಯದ ಹಿಂದೆ ಒಂದು ತೊಡಕಿತ್ತು. ಅದೇ ಸ್ಟುಡಿಯೋದಲ್ಲಿ ‘ಹಲೋ, ಡಾಲಿ!’ ಚಿತ್ರಕ್ಕೆ ಹಾಕಿದ್ದ ಭಾರಿ ಸೆಟ್ ಬಳಸಲು ಹಿಲ್‌ಗೆ ಅನುಮತಿ ಸಿಗಲಿಲ್ಲ. ಆಗ ಅವರು ಮೂವರು ನಟರ ಸ್ಥಿರಚಿತ್ರಗಳನ್ನು ತೆಗೆಸಿ, ಆ ಕಾಲದ ನಿಜವಾದ ಫೋಟೊಗಳೊಂದಿಗೆ ಬೆರೆಸಿ, ಸೆಪಿಯಾದಲ್ಲಿ ಜೋಡಿಸಿದರು. ಮಾತಿಲ್ಲ, ಸಂಗೀತವಷ್ಟೇ. ಮದುವೆ ಆಲ್ಬಂ ತಿರುವಿದಷ್ಟು ಹೊತ್ತಿನಲ್ಲಿ ಇಡೀ ಹಡಗು ಪ್ರಯಾಣ ಮುಗಿಯುತ್ತದೆ.

ಫೋಟೊಗೂ ಈ ಕಳ್ಳರಿಗೂ ಇನ್ನೊಂದು ನಂಟಿದೆ. 1900ರಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ತಂಡದ ಐವರು ಸೂಟು ಬೂಟು, ಗುಂಡು ಟೋಪಿ ಹಾಕಿಕೊಂಡು ಸ್ಟುಡಿಯೋದಲ್ಲಿ ಚಿತ್ರ ತೆಗೆಸಿಕೊಂಡರು. ಅದು ಪಿಂಕರ್‌ಟನ್ ಪತ್ತೇದಾರಿ ಸಂಸ್ಥೆಯ ಕೈಸೇರಿತು. ಅಲ್ಲಿಯವರೆಗೆ ಹೆಸರಷ್ಟೇ ಆಗಿದ್ದವರಿಗೆ ಮುಖ ಬಂತು. 1901ರ ಆರಂಭದಲ್ಲಿ ಅವರು ಹಡಗು ಹತ್ತಿದರು.

## ಜೋಡಿ ಕೂಡಿಬಂದದ್ದು ಹೇಗೆ?

ನ್ಯೂಮನ್ ಆಗಲೇ ದೊಡ್ಡ ತಾರೆ. ಸನ್‌ಡ್ಯಾನ್ಸ್ ಪಾತ್ರಕ್ಕೆ ಸ್ಟೀವ್ ಮೆಕ್ವೀನ್ ಹೆಸರೂ ಬಂದಿತ್ತು. ಯಾರ ಹೆಸರು ಮೊದಲು ಎಂಬಲ್ಲಿ ಅದು ಮುರಿದುಬಿತ್ತು. ರೆಡ್‌ಫರ್ಡ್ ಅಷ್ಟು ಹೆಸರಾದವರಲ್ಲ, ಅವರೇ ಬೇಕೆಂದು ಹಿಲ್ ಪಟ್ಟು ಹಿಡಿದರು. ಚಿತ್ರಕಥೆಯ ಮೂಲ ಶೀರ್ಷಿಕೆಯಲ್ಲಿ ಸನ್‌ಡ್ಯಾನ್ಸ್ ಮೊದಲಿದ್ದ; ನ್ಯೂಮನ್ ಬುಚ್ ಆದ ಮೇಲೆ ಹೆಸರುಗಳು ಅದಲುಬದಲಾದವು.

ಇಬ್ಬರ ಹಾಸ್ಯ ಮಾತಿನ ವರಸೆಯಲ್ಲಿದೆ. ಬುಚ್‌ಗೆ ಸದಾ ಹೊಸ ಉಪಾಯ, ಬಾಯಿ ನಿಲ್ಲುವುದಿಲ್ಲ. ಸನ್‌ಡ್ಯಾನ್ಸ್ ಮಾತಿಗೆ ಲೆಕ್ಕ ಇಡುವವನು. ಬೊಲಿವಿಯಾಕ್ಕೆ ಹೋಗೋಣ, ಅಲ್ಲಿ ಬರೀ ಚಿನ್ನ, ಬೆಳ್ಳಿ ಎಂದು ಬುಚ್ ಕರೆತಂದರೆ, ಇಳಿದ ನಿಲ್ದಾಣದಲ್ಲಿ ಹಂದಿ, ಲಾಮಾಗಳು ಬಿಟ್ಟರೆ ನರಪಿಳ್ಳೆಯಿಲ್ಲ. ಭಾಷೆ ಬಾರದೆ ದರೋಡೆ ಮಾಡುವುದು ಹೇಗೆ? ಎಟ್ಟಾ ಮೇಷ್ಟ್ರಂತೆ ಕೂರಿಸಿ ‘ಇದು ದರೋಡೆ, ಕೈ ಮೇಲೆತ್ತಿ’ ಎಂಬುದನ್ನು ಸ್ಪ್ಯಾನಿಷ್‌ನಲ್ಲಿ ಉರು ಹೊಡೆಸುತ್ತಾಳೆ. ಬ್ಯಾಂಕಿಗೆ ನುಗ್ಗಿದ ಬುಚ್ ಎಲ್ಲ ಮರೆತು ಜೇಬಿನಿಂದ ಚೀಟಿ ತೆಗೆದು ಓದುತ್ತಾನೆ. ಪರೀಕ್ಷೆಯಲ್ಲಿ ಕಾಪಿ ಚೀಟಿ ತೆಗೆದವರ ಕಳವಳ ಅವನ ಮುಖದಲ್ಲಿ.

ನಗುವಿನ ನಡುವೆ ಒಂದು ಕಡೆ ಮಾತ್ರ ಸಿನಿಮಾ ಉಸಿರು ಬಿಗಿಹಿಡಿಯುತ್ತದೆ. ಕಳ್ಳತನ ಬಿಟ್ಟು ಗಣಿಯ ಸಂಬಳ ಕಾಯುವ ಕೆಲಸಕ್ಕೆ ಸೇರಿದಾಗ, ದಾರಿಗಳ್ಳರನ್ನು ಎದುರಿಸುವ ಗಳಿಗೆಯಲ್ಲಿ ಬುಚ್ ಪಿಸುಗುಟ್ಟುತ್ತಾನೆ: ನಾನು ಇದುವರೆಗೆ ಯಾರಿಗೂ ಗುಂಡು ಹಾರಿಸಿಲ್ಲ. ಪ್ರಾಮಾಣಿಕ ಕೆಲಸಕ್ಕೆ ಸೇರಿದ ಮೇಲೆ ಅವನ ಕೈಗೆ ಮೊದಲ ರಕ್ತ ಅಂಟುತ್ತದೆ.

ಚಿತ್ರದ ವೆಚ್ಚ ಸುಮಾರು 60 ಲಕ್ಷ ಡಾಲರ್. ಮೊದಮೊದಲು ಹಲವು ವಿಮರ್ಶಕರಿಗೆ ರುಚಿಸದಿದ್ದರೂ ಅಮೆರಿಕದಲ್ಲಿ 1969ರ ಅತಿ ಹೆಚ್ಚು ಗಳಿಕೆಯ ಸಿನಿಮಾ ಇದೇ ಆಯಿತು. ಚಿತ್ರಕಥೆ, ಛಾಯಾಗ್ರಹಣ, ಸಂಗೀತ, ಹಾಡು ಎಂದು 4 ಆಸ್ಕರ್ ಬಂದವು. ಜಗಳವಾಡುತ್ತಲೇ ಪ್ರಾಣ ಕೊಡಲು ಸಿದ್ಧವಿರುವ ಇಬ್ಬರು ಗೆಳೆಯರ ಕಥೆಗಳಿಗೆ ಇದು ಮಾದರಿಯಾಯಿತು. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾಗಿ 1975ರಲ್ಲಿ ತೆರೆಗೆ ಬಂದ ‘ಶೋಲೆ’ಯ ಜೈ–ವೀರು ಜೋಡಿಯಲ್ಲೂ ವಿಮರ್ಶಕರು ಇದರ ನೆರಳು ಗುರುತಿಸಿದ್ದಾರೆ. ನ್ಯೂಮನ್ 1988ರಲ್ಲಿ ತೀವ್ರ ಕಾಯಿಲೆಯ ಮಕ್ಕಳಿಗಾಗಿ ಕನೆಕ್ಟಿಕಟ್‌ನಲ್ಲಿ ತೆರೆದ ಶಿಬಿರಕ್ಕೆ ‘ಹೋಲ್ ಇನ್ ದ ವಾಲ್ ಗ್ಯಾಂಗ್’ ಎಂದೇ ಹೆಸರಿಟ್ಟರು.

## ಕೊನೆಗೆ ಏನಾಯಿತು?

ಇತಿಹಾಸ ಹೇಳುವುದು ಇಷ್ಟು. ಕೆಲವು ವರ್ಷ ಅವರು ಅರ್ಜೆಂಟೀನಾದ ಚೋಲಿಲಾ ಕಣಿವೆಯಲ್ಲಿ ದನ, ಕುರಿ ಸಾಕಿಕೊಂಡಿದ್ದರು. ಸಿನಿಮಾ ಆ ಭಾಗವನ್ನು ಪೂರ್ತಿ ಬಿಟ್ಟಿದೆ. 1908ರ ನವೆಂಬರ್‌ನಲ್ಲಿ ಬೊಲಿವಿಯಾದ ಆರಾಮಾಯೊ ಗಣಿ ಕಂಪನಿಯ ಸಂಬಳದ ಹಣ ದೋಚಿದ ಇಬ್ಬರು ವಿದೇಶಿಯರು ಸ್ಯಾನ್ ವಿಸೆಂಟೆ ಎಂಬ ಹಳ್ಳಿಯಲ್ಲಿ ತಂಗಿದರು. ಬೆರಳೆಣಿಕೆಯ ಸೈನಿಕರು ಬಂದು ಸುತ್ತುವರಿದರು. ಬೆಳಗಾದಾಗ ಒಳಗೆ ಇಬ್ಬರ ಹೆಣಗಳಿದ್ದವು. ಅವರು ಬುಚ್ ಮತ್ತು ಸನ್‌ಡ್ಯಾನ್ಸ್ ಅವರೇ ಎಂದು ಹಲವು ಇತಿಹಾಸಕಾರರು ಒಪ್ಪುತ್ತಾರೆ. ಆದರೆ 1991ರಲ್ಲಿ ಅಲ್ಲಿನ ಸ್ಮಶಾನ ಅಗೆದು ತೆಗೆದ ಮೂಳೆಗಳ ಡಿಎನ್‌ಎ ಅವರ ಬಂಧುಗಳದರೊಂದಿಗೆ ಹೊಂದಲಿಲ್ಲ. ಬುಚ್‌ನ ತಂಗಿ ಲೂಲಾ ಪಾರ್ಕರ್ ಬೆಟೆನ್‌ಸನ್ ಅಂತೂ ಅಣ್ಣ 1925ರಲ್ಲಿ ಮನೆಗೆ ಬಂದು ಹೋಗಿದ್ದ ಎಂದೇ ಹೇಳಿದರು. ಆಕೆ ಚಿತ್ರೀಕರಣ ನೋಡಲೂ ಬಂದಿದ್ದರು.

ಸಿನಿಮಾ ಬೆರಳೆಣಿಕೆಯ ಸೈನಿಕರನ್ನು ದೊಡ್ಡ ಸೈನ್ಯವನ್ನಾಗಿ ಮಾಡುತ್ತದೆ. ಒಳಗೆ ಮೈಯೆಲ್ಲ ಗಾಯವಾದ ಇಬ್ಬರು ಗೋಡೆಗೊರಗಿ ಗುಂಡು ತುಂಬಿಕೊಳ್ಳುತ್ತಿದ್ದಾರೆ. ಹೊರಗೆ ನೂರಾರು ಬಂದೂಕು ಸಜ್ಜಾಗಿರುವುದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಬುಚ್‌ಗೆ ಇನ್ನೊಂದು ಉಪಾಯ ಹೊಳೆದಿದೆ: ಆಸ್ಟ್ರೇಲಿಯಾ! ಅಲ್ಲಿ ಇಂಗ್ಲಿಷ್ ಮಾತಾಡುತ್ತಾರೆ, ಕುದುರೆಗಳಿವೆ, ಬ್ಯಾಂಕುಗಳು ಸುಲಭ ಎನ್ನುತ್ತಾನೆ. ಸನ್‌ಡ್ಯಾನ್ಸ್ ಎಂದಿನಂತೆ ಗೊಣಗುತ್ತಾನೆ. ಹೊರಡುವ ಮುಂಚೆ ಬುಚ್ ಕೇಳುತ್ತಾನೆ, ಹೊರಗೆ ಆ ಬಿಳಿ ಟೋಪಿಯವನನ್ನೇನಾದರೂ ನೋಡಿದೆಯಾ? ಇಲ್ಲ ಎನ್ನುತ್ತಾನೆ ಸನ್‌ಡ್ಯಾನ್ಸ್. ಸದ್ಯ, ಕಷ್ಟಕ್ಕೆ ಸಿಕ್ಕಿಕೊಂಡೆವೇನೋ ಅಂದುಕೊಂಡಿದ್ದೆ ಎಂದು ಬುಚ್ ನಿಟ್ಟುಸಿರು ಬಿಡುತ್ತಾನೆ.

ಇಬ್ಬರೂ ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು ಬಾಗಿಲಿನಿಂದ ನುಗ್ಗುತ್ತಾರೆ. ಆ ಕ್ಷಣಕ್ಕೆ ಚಿತ್ರ ಅಲ್ಲೇ ನಿಲ್ಲುತ್ತದೆ. ಚಲಿಸುವ ದೃಶ್ಯ ಒಂದೇ ಫೋಟೊ ಆಗಿಬಿಡುವುದಕ್ಕೆ ‘ಫ್ರೀಜ್ ಫ್ರೇಮ್’ ಎನ್ನುತ್ತಾರೆ. ಗುಂಡಿನ ಸದ್ದು ಮಾತ್ರ ಅಲೆ ಅಲೆಯಾಗಿ ಮುಂದುವರಿಯುತ್ತದೆ. ಅವರು ಬೀಳುವುದನ್ನು ನಾವು ನೋಡುವುದೇ ಇಲ್ಲ. ನಿಂತ ಚಿತ್ರದ ಬಣ್ಣ ನಿಧಾನವಾಗಿ ಕಳಚಿ, ಮೊದಲಿನ ಆ ಸೆಪಿಯಾ ಮರಳುತ್ತದೆ. ಕ್ಯಾಮೆರಾ ಹಿಂದೆ ಹಿಂದೆ ಸರಿಯುತ್ತದೆ. ಅಂಗಳದ ನಡುವೆ ಇಬ್ಬರು ಗೆಳೆಯರು, ಓಡುತ್ತಿರುವ ಭಂಗಿಯಲ್ಲೇ.